ಉಗ್ರಾಣದ ಬಾಗಿಲ ಹಿಂದೆ ಸುಣ್ಣದ ಬೊಟ್ಟು: ಇದು ಅಜ್ಜಿಯ ಬೆಣ್ಣೆ ಲೆಕ್ಕವಾ?

ಯಡವನಾಡು ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ನಮ್ಮ ಹಳೇ ಮನೆ ಉತ್ತರ ಕೊಡಗಿನ ಸೋಮವಾರಪೇಟೆ ಕಡೆ. ಹೋದ ತಿಂಗಳು ಅಡುಗೆಮನೆ ಭಾಗ ಕೆಡವಿಸಿದೆವು. ಉಗ್ರಾಣದ ಹಲಸಿನ ಬಾಗಿಲು ಇನ್ನೂ ಗಟ್ಟಿಮುಟ್ಟಾಗಿತ್ತು, ಅದನ್ನು ಬಿಚ್ಚಿ ಇಟ್ಟುಕೊಂಡೆ. ತೊಳೆಯೋಣ ಅಂತ ಒಳಬದಿ ತಿರುಗಿಸಿದರೆ ಮೇಲಿಂದ ಕೆಳಗಿನವರೆಗೂ ಸುಣ್ಣದ ಬೊಟ್ಟು. ಎಲೆಅಡಿಕೆಯ ಸುಣ್ಣವನ್ನು ಬೆರಳ ತುದಿಯಲ್ಲಿ ತೆಗೆದು ಒತ್ತಿದ ಹಾಗಿದೆ. ಒಂದೆರಡು ಬೊಟ್ಟಿನಲ್ಲಿ ಬೆರಳಿನ ಗೆರೆ ಕೂಡ ಕಾಣುತ್ತದೆ. ಸಾಲು ಸಾಲಾಗಿ ಇಟ್ಟಿದ್ದಾರೆ. ಹೆಚ್ಚಿನ ಸಾಲಿನಲ್ಲಿ ಎರಡು, ಕೆಲವದರಲ್ಲಿ ಒಂದೇ ಒಂದು. ಕೆಲವು ಬೊಟ್ಟಿನ ಸುತ್ತ ಇದ್ದಿಲಿನಲ್ಲಿ ಸುತ್ತು ಹಾಕಿದೆ.

ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಸೋಮವಾರದ ಸಂತೆಗೆ ಬೆಣ್ಣೆ ಹೊತ್ತುಕೊಂಡು ಹೋಗುತ್ತಿದ್ದರು ಅಂತ ಅಮ್ಮ ಹೇಳಿದ್ದು ನೆನಪಿದೆ. ಬೊಟ್ಟು ನೋಡಿದ ಮೇಲೆ ಬಾಗಿಲಿಗೆ ನೀರು ಹಾಕಲು ಕೈ ಬರಲಿಲ್ಲ.

ಕೊಡಗು ಅಂದರೆ ಕಾಫಿ, ಮೆಣಸು, ಕಿತ್ತಳೆ, ಜೇನು ಅಂತಾರೆ. ತಾತನ ಕಾಫಿ ಲೆಕ್ಕದ ಪುಸ್ತಕ ಈಗಲೂ ನಮ್ಮ ಬೀರುವಿನಲ್ಲಿದೆ. ಆಳಿನ ಕೂಲಿ, ಗೊಬ್ಬರ, ಗಾಡಿ ಬಾಡಿಗೆ ಎಲ್ಲ ಬರೆದಿದ್ದಾರೆ. ಅಜ್ಜಿಯ ಬೆಣ್ಣೆ ಒಂದು ಪುಟದಲ್ಲೂ ಇಲ್ಲ. ನಿಮ್ಮ ಮನೆಗಳಲ್ಲಿ ಬೆಣ್ಣೆ, ತುಪ್ಪ ಮಾರುತ್ತಿದ್ದವರು ಯಾರು? ಲೆಕ್ಕ ಹೇಗೆ ಇಡುತ್ತಿದ್ದರು?

ಶನಿವಾರಸಂತೆ ಅಂಗಡಿ

ಮೊದಲು ಒಂದು ಮಾತು. ಆ ಬಾಗಿಲಿಗೆ ಪಾಲಿಶ್ ಗೀಲಿಶ್ ಏನೂ ಮಾಡಿಸಬೇಡಿ. ಒಳ್ಳೇ ಬೆಳಕಿನಲ್ಲಿ ಫೋಟೋ ತೆಗೆದಿಡಿ.

ನಮ್ಮದು ಶನಿವಾರಸಂತೆ. ಹೆಸರಿನಲ್ಲೇ ಸಂತೆ ಇರುವ ಊರು. ನಮ್ಮ ಅಪ್ಪನ ದಿನಸಿ ಅಂಗಡಿ ಎದುರಿಗೆ ಬೆಣ್ಣೆಯವರು ಕೂರುತ್ತಿದ್ದರು. ನಾನು ಸಣ್ಣವನಿದ್ದಾಗ ಜಗಲಿ ಮೇಲೆ ಕೂತು ನೋಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ.

ಬೆಳಕು ಹರಿಯುವಾಗ ಬರುತ್ತಿದ್ದರು. ತಲೆ ಮೇಲೆ ಸಿಂಬೆ, ಅದರ ಮೇಲೆ ಬಿದಿರಿನ ಕುಕ್ಕೆ, ಕುಕ್ಕೆಯೊಳಗೆ ಪಾತ್ರೆ. ಪಾತ್ರೆ ತುಂಬ ತಣ್ಣೀರು, ನೀರಿನಲ್ಲಿ ತೇಲುವ ಬೆಣ್ಣೆ ಉಂಡೆ, ಮೇಲೆ ಬಾಳೆಲೆ ಮುಚ್ಚಳ. ಕೂತ ತಕ್ಷಣ ಮಾಡುವ ಕೆಲಸ ಹಳೇ ನೀರು ಚೆಲ್ಲಿ ಬಾವಿ ನೀರು ಹಾಕುವುದು. ಅದಕ್ಕೆ ನಮ್ಮ ಬಾವಿಗೆ ಬರುತ್ತಿದ್ದರು. ಅಪ್ಪ ಹಗ್ಗ ಕೊಡುತ್ತಿದ್ದರು.

ಕೊಳ್ಳುವವರು ಸುಮ್ನೆ ಕೊಳ್ಳುತ್ತಿರಲಿಲ್ಲ. ಹೆಬ್ಬೆರಳಿನಿಂದ ಉಂಡೆಯನ್ನು ಒತ್ತಿ ನೋಡುವರು. ಒತ್ತಿದ ಕಡೆ ನೀರು ಹನಿ ಹನಿಯಾಗಿ ಬಂದರೆ ಅದು ಸರಿಯಾಗಿ ಹಿಂಡದ ಬೆಣ್ಣೆ. ತೂಕದಲ್ಲಿ ನೀರೂ ಸೇರಿದೆ ಅಂತ ಅರ್ಥ. 'ಇನ್ನೊಂದ್ಸಲ ಹಿಂಡಿ ಕೊಡಮ್ಮ' ಅನ್ನುವರು. ಆ ಹೆಂಗಸು ಮಾತಿಲ್ಲದೆ ಅಂಗೈ ಒದ್ದೆ ಮಾಡಿಕೊಂಡು ಉಂಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿ ಹಾಕಿ ಬಡಿಯುವಳು. ಪಟ್ ಪಟ್ ಅಂತ ಸದ್ದು. ಅಷ್ಟು ಬಡಿದರೂ ಕೈಗೆ ಬೆಣ್ಣೆ ಅಂಟುತ್ತಿರಲಿಲ್ಲ. ಅದು ಹೇಗೆ ಅಂತ ನನಗೆ ಈಗಲೂ ಆಶ್ಚರ್ಯ.

ಮಾರಿದ ದುಡ್ಡಿನಲ್ಲಿ ಮೊದಲು ಉಪ್ಪು. ಆಮೇಲೆ ಸೀಮೆಎಣ್ಣೆ, ಒಣಮೀನು. ಉಳಿದರೆ ಬಳೆ. ಅದೂ ಉಳಿದರೆ ಸೆರಗಿನ ತುದಿಗೆ ಗಂಟು ಬೀಳುತ್ತಿತ್ತು.

ಸುಣ್ಣದ ಬೊಟ್ಟಿನ ಲೆಕ್ಕ ನಮ್ಮ ಅಂಗಡಿ ಗೋಡೆ ಮೇಲೂ ಇತ್ತು. ಅಪ್ಪನಿಗೆ ಬರೆಯಲು ಬರುತ್ತಿದ್ದರೂ, ಬೆಣ್ಣೆಯವರ ಸಾಲಕ್ಕೆ ಅವರ ಎದುರೇ ಬೊಟ್ಟು ಇಡುತ್ತಿದ್ದರು. ಅವರಿಗೂ ಕಾಣಲಿ ಅಂತ.

ಕಿಗ್ಗಟ್ಟುನಾಡಿನವ

ಕ್ಷಮಿಸಿ, ನನಗೆ ಸ್ವಲ್ಪ ಅನುಮಾನ. ನಮ್ಮ ಕಡೆ, ಅಂದರೆ ದಕ್ಷಿಣ ಕೊಡಗಿನ ಪೊನ್ನಂಪೇಟೆ ದಾಟಿ ಒಳಗೆ, ನಮ್ಮ ಅಜ್ಜಿ ಕಾಲದಲ್ಲಿ ಮನೆ ಹೆಂಗಸರು ಸಂತೆಯಲ್ಲಿ ಕೂತು ಮಾರಿದ್ದನ್ನು ನಾನು ಕೇಳಿಲ್ಲ. ಕೊಟ್ಟಿಗೆ ತುಂಬ ದನ ಇತ್ತು. ಅದು ಗದ್ದೆ ಉಳಲು, ಗೊಬ್ಬರಕ್ಕೆ. ಹಾಲು ಮನೆಗೇ ಆಗುತ್ತಿತ್ತು. ಅಕ್ಕಿ ತರಿಯ ಪಾಪುಟ್ಟಿಗೆ ಹಾಲು, ರೊಟ್ಟಿಗೆ ಬೆಣ್ಣೆ, ಸುಗ್ಗಿ ಹಬ್ಬ ಪುತ್ತರಿಗೆ ತುಪ್ಪ. ಪುತ್ತರಿ ದಿನ ಬಾಳೆಹಣ್ಣಿನ ತಂಬಿಟ್ಟಿಗೆ, ಬೇಯಿಸಿದ ಗೆಣಸಿಗೆ ತುಪ್ಪ ಸುರಿದೇ ತಿನ್ನಬೇಕು ಅಲ್ವಾ. ಮಾರುವಷ್ಟು ಎಲ್ಲಿ ಉಳಿಯುತ್ತಿತ್ತು?

ಗಿಡ್ಡ ಹಸು

ಕಿಗ್ಗಟ್ಟುನಾಡಿನವರೇ, ನೀವು ಹೇಳಿದ್ದೂ ನಿಜ, ಅವರು ಹೇಳಿದ್ದೂ ನಿಜ. ನಾನು ಪಶುವೈದ್ಯೆ. ಊರೂರು ಸುತ್ತುವಾಗ ವಯಸ್ಸಾದವರನ್ನು ಕೂರಿಸಿಕೊಂಡು ಇದನ್ನೇ ಕೇಳುತ್ತಿರುತ್ತೇನೆ.

ಉತ್ತರ ಕೊಡಗಿನಲ್ಲಿ ಮನೆಗಳು ಒತ್ತಾಗಿ ಇರುವ ಊರುಗಳು ಜಾಸ್ತಿ. ನಾಲ್ಕು ಹೆಂಗಸರು ಜೊತೆಯಾಗಿ ಸಂತೆಗೆ ನಡೆಯಬಹುದಿತ್ತು. ನಿಮ್ಮ ಕಡೆ ಒಂದೊಂದು ಮನೆ ಒಂದೊಂದು ಗದ್ದೆಯ ತಲೆಯಲ್ಲಿ. ಪಕ್ಕದ ಮನೆಗೆ ಹೋಗಲು ತೋಟ ದಾಟಬೇಕು. ಅಲ್ಲೂ ಬೆಣ್ಣೆ ಮಾರಾಟ ಇತ್ತು, ಆದರೆ ಮನೆ ಬಾಗಿಲಲ್ಲಿ. ಒಬ್ಬ ಹೆಂಗಸು ಮನೆ ಮನೆಯಿಂದ ಬೆಣ್ಣೆ ಸೇರಿಸಿಕೊಂಡು ಸಂತೆಗೋ, ಎಸ್ಟೇಟ್ ಬಂಗಲೆಗೋ, ಪೇಟೆಯ ಹೋಟೆಲಿಗೋ ಕೊಟ್ಟು ಬರುತ್ತಿದ್ದಳು ಅಂತ ಅಮ್ಮತ್ತಿ ಕಡೆ ಮೂರು ಮನೆಗಳಲ್ಲಿ ನನಗೆ ಹೇಳಿದ್ದಾರೆ. ಹಿತ್ತಲ ಬಾಗಿಲಲ್ಲಿ ನಡೆದ ವ್ಯಾಪಾರ. ಜಗಲಿಯಲ್ಲಿ ಕೂತ ಗಂಡಸರಿಗೆ ಗೊತ್ತಾಗದೇ ಇದ್ದಿರಬಹುದು.

ಹಾಲು ಬಿಟ್ಟು ಬೆಣ್ಣೆಯೇ ಯಾಕೆ ಅನ್ನುವುದು ಇನ್ನೂ ಮುಖ್ಯ. ಆಗ ಇದ್ದದ್ದು ಮಲೆನಾಡು ಗಿಡ್ಡ. ಸಣ್ಣ ಹಸು, ಗುಡ್ಡ ಹತ್ತುತ್ತದೆ, ಮಳೆ ತಡೆಯುತ್ತದೆ, ಮೇವು ಕಡಿಮೆ ಸಾಕು. ಹಾಲು ದಿನಕ್ಕೆ 1 ಲೀಟರ್, ಒಳ್ಳೇದಾದರೆ 2 ಲೀಟರ್. ಎರಡು ಹಸು ಕರೆದರೂ ಮನೆ ಖರ್ಚು ಕಳೆದು ಮೊಸರಿಗೆ ಉಳಿಯುವುದು ದಿನಕ್ಕೆ ಒಂದೂವರೆ ಲೀಟರ್. ಇಷ್ಟು ಹಾಲನ್ನು ಹೊತ್ತು ಪೇಟೆಗೆ ಯಾರು ಹೋಗುತ್ತಾರೆ? ಹೋಗುವಷ್ಟರಲ್ಲಿ ಒಡೆದು ಹೋಗುತ್ತದೆ. ಅದೇ ಹಾಲು ಹೆಪ್ಪು ಹಾಕಿ ಕಡೆದರೆ ವಾರಕ್ಕೆ ಅರ್ಧ ಕೆಜಿಯಷ್ಟು ಬೆಣ್ಣೆ ಆಗುತ್ತದೆ. ನೀರಿನಲ್ಲಿಟ್ಟರೆ ಸಂತೆ ದಿನದವರೆಗೆ ಕೆಡುವುದಿಲ್ಲ. ಸಂತೆಗೆ ಹೋಗಲು ಆಗದಿದ್ದರೆ ಕಾಯಿಸಿದರಾಯಿತು, ತುಪ್ಪ ತಿಂಗಳುಗಟ್ಟಲೆ ಇರುತ್ತದೆ. 1 ಕೆಜಿ ಬೆಣ್ಣೆಗೆ ಸುಮಾರು 20 ಲೀಟರ್ ಹಾಲು ಬೇಕು ಅನ್ನುವುದನ್ನು ನೆನಪಿಡಿ. ಶನಿವಾರಸಂತೆಯ ಆ ಪಾತ್ರೆಯೊಳಗೆ ಒಂದು ವಾರದ ಹಾಲು ಇತ್ತು.

ಮೊಮ್ಮಗಳೇ, ನಿಮ್ಮ ಸಾಲಿನಲ್ಲಿ ಎರಡು ಬೊಟ್ಟು ಅಂದಿರಲ್ಲ? ಕಚ್ಚಾ ಸೇರು ಅಂದರೆ 24 ತೊಲ, ಈಗಿನ 280 ಗ್ರಾಂ. ಎರಡು ಸೇರು 560 ಗ್ರಾಂ. ಸರಿಯಾಗಿ ಒಂದು ವಾರದ ಬೆಣ್ಣೆ!

ಯಡವನಾಡು ಮೊಮ್ಮಗಳು

ಓದಿ ಮೈ ಜುಂ ಅಂತು. ಒಂದೇ ಬೊಟ್ಟಿನ ಸಾಲುಗಳು ಬಾಗಿಲಿನ ಒಂದು ಕಡೆ ಗುಂಪಾಗಿ ಇವೆ. ಅದು ಹಸು ಬತ್ತಿದ ಕಾಲ ಇರಬಹುದಾ?

ಗಿಡ್ಡ ಹಸು

ಇರಬಹುದು. ಮಳೆಗಾಲವೂ ಇರಬಹುದು. ಆಟಿ ತಿಂಗಳ ಚಳಿಗೆ ಹೆಪ್ಪು ಕೂರುವುದಿಲ್ಲ. ಮೊಸರಿನ ಗಡಿಗೆಯನ್ನು ಒಲೆ ಪಕ್ಕ ಬಿಸಿ ಬೂದಿಯಲ್ಲಿ ಹೂತಿಡುತ್ತಿದ್ದರು, ಕೆಲವರು ಕಂಬಳಿ ಸುತ್ತುತ್ತಿದ್ದರು. ಹೆಪ್ಪು ಕೂತರೂ ಕಡೆಯುವಾಗ ಬೆಣ್ಣೆ ಒಂದಾಗುವುದಿಲ್ಲ, ಸಣ್ಣ ಹರಳಿನ ಹಾಗೆ ತೇಲುತ್ತದೆ. ಚಳಿಗೆ ಕೊಬ್ಬು ಗಟ್ಟಿಯಾಗಿ ಒಂದಕ್ಕೊಂದು ಅಂಟಿಕೊಳ್ಳದು. ಆಗ ಒಂದು ಚೊಂಬು ಉಗುರುಬೆಚ್ಚಗಿನ ನೀರು ಹಾಕಬೇಕು. ಬೇಸಿಗೆಯಲ್ಲಿ ಉಲ್ಟಾ, ತಣ್ಣೀರು ಹಾಕಬೇಕು. ಇಲ್ಲದಿದ್ದರೆ ಬೆಣ್ಣೆ ಎಣ್ಣೆಯಾಗಿ ಮಜ್ಜಿಗೆಯಲ್ಲೇ ಉಳಿದುಬಿಡುತ್ತದೆ. ಎಷ್ಟು ಬಿಸಿ, ಎಷ್ಟು ಹೊತ್ತಿಗೆ, ಎಲ್ಲ ಕೈಗೇ ಗೊತ್ತು. ಕಡಗೋಲಿನ ಸದ್ದು ಬದಲಾದ ಕೂಡಲೇ ಕೈ ನಿಧಾನ ಮಾಡುತ್ತಿದ್ದರು. ನಮಗೆ ಕಾಲೇಜಿನಲ್ಲಿ ಇದನ್ನೇ ಥರ್ಮಾಮೀಟರ್ ಇಟ್ಟು ಕಲಿಸಿದರು.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ. ಅದರಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು, ಜಿಗಣೆ ಕಿತ್ತು ಬಿಸಾಕುತ್ತಾ, ತಲೆ ಮೇಲಿನ ಪಾತ್ರೆ ಅಲ್ಲಾಡದ ಹಾಗೆ ನಡೆಯುವುದನ್ನು ಒಮ್ಮೆ ಯೋಚಿಸಿ.

ಹಾರಂಗಿ ದಂಡೆ

ನಮ್ಮದು ಕುಶಾಲನಗರ, ಮಂಗಳವಾರದ ಸಂತೆ. ನನ್ನ ಅಜ್ಜಿ ಕೊನೆವರೆಗೂ ಊರನ್ನು ಫ್ರೇಜರ್ ಪೇಟೆ ಅಂತಲೇ ಕರೆಯುತ್ತಿದ್ದರು. ಅವರು ಹೇಳುತ್ತಿದ್ದ ಒಂದು ವಿಷಯ ಹಂಚಿಕೊಳ್ಳುತ್ತೇನೆ. 1961ರ ಹೊತ್ತಿಗೆ ಹೊಳೆ ಆಚೆ ಬೈಲಕುಪ್ಪೆಯಲ್ಲಿ ಟಿಬೆಟಿನವರು ನೆಲೆ ನಿಂತರಲ್ಲ, ಅವರು ಸಂತೆಗೆ ಬಂದು ಬೆಣ್ಣೆ ಹುಡುಕುತ್ತಿದ್ದರಂತೆ. ಅವರು ಚಹಾಕ್ಕೆ ಬೆಣ್ಣೆ, ಉಪ್ಪು ಹಾಕಿ ಕುಡಿಯುತ್ತಾರೆ, ದೇವರ ದೀಪಕ್ಕೂ ಬೆಣ್ಣೆ ಬೇಕು. ಭಾಷೆ ಇಬ್ಬರಿಗೂ ಬಾರದು. ಬೆರಳು ತೋರಿಸಿ ವ್ಯಾಪಾರ. 'ಅವರು ಹೆಬ್ಬೆರಳಿಂದ ಒತ್ತಿ ನೋಡಲ್ಲ, ಮೂಸಿ ನೋಡ್ತಾರೆ' ಅಂತ ಅಜ್ಜಿ ಹೇಳುತ್ತಿದ್ದರು. ನಾಲ್ಕು ದಿನದ ಹುಳಿ ಬೆಣ್ಣೆಯನ್ನೂ ಬೇಡ ಅನ್ನುತ್ತಿರಲಿಲ್ಲವಂತೆ.

ತುಪ್ಪದ ವಿಷಯ ಬೇರೆ. ಡಾಲ್ಡಾ ಬಂದ ಮೇಲೆ ಪೇಟೆಯವರಿಗೆ ಹಳ್ಳಿ ತುಪ್ಪದ ಮೇಲೆ ಅನುಮಾನ ಶುರುವಾಯಿತು. ಕೈ ಹಿಂಭಾಗಕ್ಕೆ ತಿಕ್ಕಿ ಮೂಸಿ ನೋಡುವರು. ಮರಳು ಮರಳಾಗಿ ಹರಳು ಕಟ್ಟಿದೆಯಾ ಅಂತ ಬೆರಳಲ್ಲಿ ಉಜ್ಜುವರು. ಅಜ್ಜಿಗೆ ಅದು ತುಂಬಾ ಅವಮಾನ ಅನ್ನಿಸುತ್ತಿತ್ತು. ಅದಕ್ಕೇ ಕಾಯಿಸುವಾಗ ಹಾಕಿದ ವೀಳ್ಯದೆಲೆ, ನುಗ್ಗೆಸೊಪ್ಪನ್ನು ಸೋಸದೆ ಹಾಗೇ ಬಿಟ್ಟು ಒಯ್ಯುತ್ತಿದ್ದರು. ಗರಿಗರಿಯಾದ ಆ ಎಲೆ ತಳದಲ್ಲಿ ಕಂಡರೆ ಮನೆ ತುಪ್ಪ ಅಂತ ಗಿರಾಕಿಗೆ ನಂಬಿಕೆ.

ಕಿಗ್ಗಟ್ಟುನಾಡಿನವ

ಗಿಡ್ಡ ಹಸು ಅವರೇ, ನಿಮ್ಮ ಮಾತು ಓದಿ ರಾತ್ರಿ ಸೋದರತ್ತೆಗೆ ಫೋನ್ ಮಾಡಿದೆ. ಅವರಿಗೆ 86 ವರ್ಷ. 'ಮಾರ್ತಿದ್ವಲ್ಲ, ನಿಮ್ಮ ಅಜ್ಜನಿಗೆ ಗೊತ್ತಿರಲಿಲ್ಲ ಅಷ್ಟೇ' ಅಂದರು. ಅಜ್ಜಿ ತಮ್ಮ ಮದುವೆಯಲ್ಲಿ ತವರಿನಿಂದ ಬಂದ ಬಳುವಳಿ ಹಸುವಿನ ಬೆಣ್ಣೆಯನ್ನು ಬೇರೆಯೇ ಗಡಿಗೆಯಲ್ಲಿ ಇಡುತ್ತಿದ್ದರಂತೆ. ಆ ದುಡ್ಡು ಅವರದ್ದೇ, ಯಾರೂ ಕೇಳುವ ಹಾಗಿಲ್ಲ. ಅದರಲ್ಲಿ ನನ್ನ ಅಪ್ಪನ ಒಂದು ವರ್ಷದ ಸ್ಕೂಲ್ ಫೀಸು ಕಟ್ಟಿದ್ದಾರೆ. ನನಗೆ 54 ವರ್ಷ. ಇದು ನಿನ್ನೆ ರಾತ್ರಿ ಗೊತ್ತಾಯಿತು. ಮೇಲೆ ನಾನು ಬರೆದದ್ದನ್ನು ವಾಪಸ್ ತಗೊಳ್ಳುತ್ತೇನೆ.

ಮೂರ್ನಾಡು ಮೇಷ್ಟ್ರು

ಒಂದು ನಂಬಿಕೆಯನ್ನು ಇಲ್ಲಿ ಹೇಳಲೇಬೇಕು. ನಮ್ಮ ಹಿರಿಯರಲ್ಲಿ 'ಹಾಲು ಮಾರಬಾರದು' ಅಂತ ಇತ್ತು. ಕರುವಿನ ಪಾಲು, ಮಕ್ಕಳ ಪಾಲು ಅದು. ಮಜ್ಜಿಗೆಯನ್ನಂತೂ ಯಾರು ಕೇಳಿದರೂ ಸುಮ್ನೆ ಕೊಡಬೇಕು. ಬೆಣ್ಣೆ, ತುಪ್ಪ ಮಾತ್ರ ಮಾರಬಹುದು. ಅದು ಹೆಂಗಸಿನ ತೋಳಿನ ದುಡಿಮೆ. ಅದಕ್ಕೇ ಆ ದುಡ್ಡು ಅವಳದ್ದು ಅನ್ನುವ ಭಾವನೆ ಬಂತು ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ವಿಷಯ, ಬಾಗಿಲಿನ ಕಾಲ ಗೊತ್ತು ಮಾಡಲು. 1957ರ ಏಪ್ರಿಲ್ 1ಕ್ಕೆ ಆಣೆ ಹೋಗಿ ನಯಾ ಪೈಸೆ ಬಂತು. 1958ರ ಅಕ್ಟೋಬರ್‌ನಿಂದ ಹಂತ ಹಂತವಾಗಿ ಸೇರು ಹೋಗಿ ಕಿಲೋ ಬಂತು. ಅದಕ್ಕೂ ಹಿಂದೆ ಹೆಂಗಸರಿಗೆ ತೂಕದ ಮೋಸ ತಿಳಿಯಲು ಒಂದು ಸುಲಭ ದಾರಿ ಇತ್ತು. ಹಳೇ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ. 24 ರೂಪಾಯಿ ತಕ್ಕಡಿಗೆ ಹಾಕಿದರೆ ಒಂದು ಸೇರು. ಅಷ್ಟು ರೂಪಾಯಿ ಒಟ್ಟಿಗೆ ಯಾರ ಕೈಯಲ್ಲಿ ಇರುತ್ತಿತ್ತು ಅನ್ನುವುದು ಬೇರೆ ಮಾತು. ನನ್ನ ಅಮ್ಮ 6 ರೂಪಾಯಿ ಗಂಟು ಕಟ್ಟಿಕೊಂಡು ಹೋಗಿ, ಕಾಲು ಸೇರಿನ ಬಟ್ಟು ಸರಿ ಇದೆಯಾ ಅಂತ ತೂಗಿಸಿ ನೋಡುತ್ತಿದ್ದರು.

ಹಾಲು ಡೈರಿ ನಿವೃತ್ತ

ನಾನು 30 ವರ್ಷ ಹಾಲಿನ ಕೆಲಸದಲ್ಲಿದ್ದವನು. ಬೆಣ್ಣೆ ಸಂತೆ ಯಾಕೆ ನಿಂತಿತು ಅನ್ನುವುದಕ್ಕೆ ನನ್ನ ಬಳಿ ಉತ್ತರ ಇದೆ.

1955ರಲ್ಲಿ ಕೂಡಿಗೆಯಲ್ಲಿ ಡೈರಿ ಶುರುವಾಯಿತು. ಹಾರಂಗಿ ಬಂದು ಕಾವೇರಿಗೆ ಕೂಡುವ ಜಾಗ, ಅದಕ್ಕೇ ಆ ಹೆಸರು. ಆಗ ಕೊಡಗು ಬೇರೆಯೇ ರಾಜ್ಯ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಇಷ್ಟು ಸಣ್ಣ ನಾಡಿನಲ್ಲಿ ಅಷ್ಟು ಮುಂಚೆ ಡೈರಿ ಬಂದದ್ದು ಹೆಮ್ಮೆಯ ವಿಷಯ. ಆಮೇಲೆ 1974ರಲ್ಲಿ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ, 1984ರಲ್ಲಿ ಕೆಎಂಎಫ್. ಕೊಡಗು ಹಾಸನದ ಒಕ್ಕೂಟಕ್ಕೆ ಸೇರಿತು. ಊರೂರಿಗೆ ಸಂಘ, ಬೆಳಗ್ಗೆ ಸಂಜೆ ಕ್ಯಾನು, ಜೆರ್ಸಿ ಹಸು. ಗಿಡ್ಡ ಒಂದು ವಾರ ಕೊಟ್ಟ ಹಾಲನ್ನು ಜೆರ್ಸಿ ಒಂದು ದಿನದಲ್ಲಿ ಕೊಡುತ್ತಿತ್ತು. ಕಡೆಯುವ ಕೆಲಸ ತಪ್ಪಿತು. ನಡೆಯುವುದು ತಪ್ಪಿತು. ಮಳೆಗೆ ಹಾಳಾಗುವ ಭಯ ತಪ್ಪಿತು. ಕೊಬ್ಬಿನ ಅಂಶ ಅಳೆದು ದರ ಕೊಡುವುದರಿಂದ ಹೆಬ್ಬೆರಳಿನ ಪರೀಕ್ಷೆಯೂ ಬೇಡವಾಯಿತು. ಇದು ದೊಡ್ಡ ಉಪಕಾರ. ನಾನು ಮಾಡಿದ ಕೆಲಸದ ಬಗ್ಗೆ ನನಗೆ ಸಂತೋಷ ಇದೆ.

ಕಾಜೂರು ಕಡೆಯವಳು

ಸರ್, ಉಪಕಾರ ನಿಜ. ಆದರೆ ಪಾಸ್‌ಬುಕ್ ಯಾರ ಹೆಸರಲ್ಲಿತ್ತು?

ನಮ್ಮ ಅಮ್ಮ ಬೆಳಗ್ಗೆ 4ಕ್ಕೆ ಎದ್ದು ಹಾಲು ಕರೆದು, ಹಟ್ಟಿ ತೊಳೆದು, ಹುಲ್ಲು ಕೊಯ್ದು, ಕ್ಯಾನು ಹೊತ್ತು ಸಂಘಕ್ಕೆ ಕೊಟ್ಟು ಬರುತ್ತಿದ್ದರು. ಸದಸ್ಯರು ಅಪ್ಪ. 15 ದಿನಕ್ಕೊಮ್ಮೆ ದುಡ್ಡು ತರಲು ಹೋಗುವವರು ಅಪ್ಪ. ಬರುವಾಗ ಅದರಲ್ಲಿ ಎಷ್ಟು ಉಳಿದಿರುತ್ತಿತ್ತು ಅಂತ ನಾನು ಹೇಳುವುದು ಬೇಡ. ಬೆಣ್ಣೆ ಮಾರುತ್ತಿದ್ದಾಗ ವಾರಕ್ಕೆ ಸಿಗುತ್ತಿದ್ದದ್ದು ಕಡಿಮೆಯೇ. ಆದರೆ ನನಗೆ ರಿಬ್ಬನ್ ಬೇಕು ಅಂದರೆ ಅಮ್ಮ ಯಾರನ್ನೂ ಕೇಳಬೇಕಿರಲಿಲ್ಲ. ಸಾಸಿವೆ ಡಬ್ಬಿಗೆ ಕೈ ಹಾಕುತ್ತಿದ್ದರು. ಸಂಘ ಬಂದ ಮೇಲೆ ಮನೆಗೆ ದುಡ್ಡು ಜಾಸ್ತಿ ಬಂತು, ಸಾಸಿವೆ ಡಬ್ಬಿಯಲ್ಲಿ ಸಾಸಿವೆ ಮಾತ್ರ ಉಳಿಯಿತು.

ಕೊನೆಗೆ ಅಮ್ಮ ಒಂದು ದಾರಿ ಮಾಡಿಕೊಂಡರು. ಸಂಜೆಯ ಹಾಲಿನಲ್ಲಿ ಒಂದು ಪಾವು ಮನೆಗೆ ಅಂತ ಎತ್ತಿಟ್ಟು, ಅದನ್ನೇ ಹೆಪ್ಪು ಹಾಕಿ, ಅಪ್ಪ ತೋಟಕ್ಕೆ ಹೋದ ಮೇಲೆ ಬಾಟಲಿಯಲ್ಲಿ ಕುಲುಕಿ ಬೆಣ್ಣೆ ತೆಗೆದು ಪಕ್ಕದ ಎಸ್ಟೇಟಿನ ರೈಟರ್ (ಲೆಕ್ಕ ಬರೆಯುವವರು) ಮನೆಗೆ ಕೊಡುತ್ತಿದ್ದರು. ಕಡಗೋಲು ಹಾಕಿದರೆ ಸದ್ದು ಕೇಳುತ್ತದೆ ಅಂತ ಬಾಟಲಿ. ತನ್ನ ಹಸು, ತನ್ನ ಹಾಲು, ಕದ್ದು ಬೆಣ್ಣೆ ತೆಗೆಯುವ ಗತಿ. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಲು ಡೈರಿ ನಿವೃತ್ತ

ನಿಮ್ಮ ಮಾತಿಗೆ ನನ್ನ ಬಳಿ ಎದುರು ಮಾತಿಲ್ಲ. ಹಾಲು ತರುವ ಕೈ ಒಂದು, ಹೆಬ್ಬೆಟ್ಟು ಒತ್ತುವ ಕೈ ಇನ್ನೊಂದು ಅನ್ನುವುದನ್ನು ದಿನಾ ನೋಡಿದ್ದೇನೆ, ಆಗ ಅದು ತಪ್ಪು ಅಂತ ಹೊಳೆಯಲಿಲ್ಲ. ಮಹಿಳಾ ಹಾಲು ಸಂಘಗಳು ಬಂದ ಮೇಲೆ ಹೆಂಗಸರದ್ದೇ ಹೆಸರು, ಹೆಂಗಸರದ್ದೇ ಖಾತೆ ಆಯಿತು. ಆದರೆ ಅಷ್ಟರಲ್ಲಿ ನಿಮ್ಮ ಅಮ್ಮನ ಕಾಲ ಮುಗಿದಿತ್ತು.

ಹಾರಂಗಿ ದಂಡೆ

ಕಾಜೂರಿನವರೇ, ನಿಮ್ಮ ನೋವು ಅರ್ಥ ಆಗುತ್ತದೆ. ಜೊತೆಗೆ ಇದನ್ನೂ ಸೇರಿಸುತ್ತೇನೆ. ಬೆಣ್ಣೆ ದುಡ್ಡು ಎಲ್ಲ ಹೆಂಗಸರಿಗೂ ಸಿಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕಡೆಯುವವಳು ಸೊಸೆ, ಗಂಟು ಕಟ್ಟುವವರು ಅತ್ತೆ. ಸಂತೆಗೆ ಹೋಗುವವರೂ ಅತ್ತೆಯೇ. ನನ್ನ ಅಮ್ಮನ ಅಂಗೈಯಲ್ಲಿ ಹಗ್ಗ ಎಳೆದು ಎಳೆದು ಜಡ್ಡು ಕಟ್ಟಿತ್ತು, ಬೆಣ್ಣೆ ದುಡ್ಡಿನ ಒಂದು ಕಾಸೂ ಆ ಕೈಗೆ ಬಂದಿಲ್ಲ. ಅಷ್ಟೇ ಅಲ್ಲ, ಮಾರುವ ಬೆಣ್ಣೆ ಅಂತ ಮಕ್ಕಳಿಗೂ ಕೊಡುತ್ತಿರಲಿಲ್ಲ. ಪಾತ್ರೆ ಬಳಿದ ಬೆರಳನ್ನು ಅಮ್ಮ ನಮ್ಮ ಬಾಯಿಗೆ ಇಡುತ್ತಿದ್ದರು. ಬೆಣ್ಣೆ ರುಚಿ ಅಂದರೆ ನನಗೆ ಅದೇ.

ಶನಿವಾರಸಂತೆ ಅಂಗಡಿ

ಮೊಮ್ಮಗಳೇ, ಅಮ್ಮನಿಗೆ ಬಾಗಿಲು ತೋರಿಸಿದಿರಾ? ಇದ್ದಿಲ ಸುತ್ತು ಏನು ಅಂತ ತಿಳಿಯುವ ಆಸೆ.

ಯಡವನಾಡು ಮೊಮ್ಮಗಳು

ತೋರಿಸಿದೆ. ಅದಕ್ಕೇ ಎರಡು ದಿನ ಬರೆಯಲು ಆಗಲಿಲ್ಲ.

ಅಮ್ಮನ ಕಣ್ಣು ಮಂಜಾಗಿದೆ. ಬಾಗಿಲನ್ನು ಜಗಲಿಗೆ ಒರಗಿಸಿ ನಿಲ್ಲಿಸಿದೆ. ಮೊದಲು ನೋಡಲೇ ಇಲ್ಲ, ಕೈಯಿಂದ ಸವರಿದರು. ಒಂದು ಕಡೆ ಬೆರಳು ನಿಂತಿತು. 'ಇದು ಅವ್ವನ ಬಲಗೈ ಉಂಗುರ ಬೆರಳು. ತೋರುಬೆರಳಲ್ಲಿ ಸುಣ್ಣ ಮುಟ್ಟುತ್ತಿರಲಿಲ್ಲ' ಅಂದರು.

ಬೊಟ್ಟು ಒಂದು ಸೇರು, ಗಿಡ್ಡ ಹಸು ಅವರ ಲೆಕ್ಕ ಸರಿ. ಸಾಲು ಒಂದು ಸಂತೆ. ಆದರೆ ಇದು ಕೈಗೆ ಕೈ ದುಡ್ಡು ಸಿಕ್ಕ ಬೆಣ್ಣೆಯದ್ದಲ್ಲ, ಕಡ ಕೊಟ್ಟದ್ದು. ಸೋಮವಾರಪೇಟೆಯಲ್ಲಿ ಮೂರು ಖಾಯಂ ಮನೆ, ಒಂದು ಹೋಟೆಲು. ಬಾಗಿಲಿನ ನಾಲ್ಕು ಹಲಗೆಗೆ ನಾಲ್ಕು ಗಿರಾಕಿ! ಒಂದೇ ಬೊಟ್ಟಿನ ಸಾಲು ಗುಂಪಾಗಿ ಇರುವ ಹಲಗೆ ಒಬ್ಬ ವಿಧವೆಯ ಮನೆಯದ್ದು, ಅವರು ಒಂದೇ ಸೇರು ತಗೊಳ್ಳುತ್ತಿದ್ದರಂತೆ. ನಾವು ಹಸು ಬತ್ತಿದ್ದು, ಮಳೆಗಾಲ ಅಂತೆಲ್ಲ ಯೋಚಿಸಿದ್ದೆವು. ದುಡ್ಡು ಬಂದ ಮೇಲೆ ಇದ್ದಿಲ ಸುತ್ತು. ಬಾಗಿಲಿನ ಒಳಬದಿಯೇ ಯಾಕೆ ಅಂತ ಕೇಳಿದೆ. 'ಬಾಗಿಲು ತೆಗೆದರೆ ಅದು ಗೋಡೆ ಕಡೆ ತಿರುಗುತ್ತದೆ. ಒಳಗೆ ಹೋಗಿ ಮುಚ್ಚಿಕೊಂಡರೆ ಮಾತ್ರ ಕಾಣುತ್ತದೆ' ಅಂದರು.

ಬಲಗಡೆ ಕೊನೆ ಹಲಗೆಯಲ್ಲಿ ಸುತ್ತು ಇಲ್ಲದ 11 ಬೊಟ್ಟು ಇವೆ. ಅದು ಹೋಟೆಲಿನವರದ್ದು. ಒಂದು ಮಳೆಗಾಲ ಹೋಟೆಲ್ ಮುಚ್ಚಿ ಊರು ಬಿಟ್ಟರಂತೆ. ಅಮ್ಮನಿಗೆ ಆಗ 9 ವರ್ಷ. ಆ ವಾರ ಅಜ್ಜಿಯ ಜೊತೆ ಸಂತೆಗೆ ಹೋಗಿದ್ದರಂತೆ. ಮುಚ್ಚಿದ ಹೋಟೆಲಿನ ಮುಂದೆ ಅಜ್ಜಿ ಸಂಜೆವರೆಗೂ ಕೂತಿದ್ದರು, ಮಳೆ ಹುಯ್ಯುತ್ತಿತ್ತು, ಬರುವಾಗ ಉಪ್ಪು ತರಲಿಲ್ಲ ಅಂತ ಹೇಳಿ ಅಮ್ಮ ಸುಮ್ಮನಾದರು. ಆಮೇಲೆ ಆ 11 ಬೊಟ್ಟನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು.

ಬಾಗಿಲನ್ನು ಹಾಗೇ ಇಡುತ್ತೇನೆ. ಸುಣ್ಣ ಉದುರದ ಹಾಗೆ ಏನು ಮಾಡಬಹುದು ಅಂತ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಈಗಾಗಲೇ ಮೇಲಿನ ಒಂದು ಸಾಲು ಪುಡಿಯಾಗುತ್ತಿದೆ.

ಗಿಡ್ಡ ಹಸು

ಸದ್ಯಕ್ಕೆ ನೀರು, ಎಣ್ಣೆ ಏನೂ ಸೋಕಿಸಬೇಡಿ. ಮಳೆ ಶೀತ ತಾಗದ ಗೋಡೆಗೆ ನಿಲ್ಲಿಸಿ, ಹತ್ತಿ ಸೀರೆ ಸಡಿಲವಾಗಿ ಇಳಿಬಿಡಿ. ಬೊಟ್ಟಿಗೆ ಬಟ್ಟೆ ಉಜ್ಜಬಾರದು. ಮುಂದಿನ ವಾರ ಸೋಮವಾರಪೇಟೆಗೆ ಬರುವುದಿದೆ. ಒಪ್ಪಿದರೆ ಒಮ್ಮೆ ಬಂದು ನೋಡುತ್ತೇನೆ. ಅಮ್ಮನ ಜೊತೆ ಕೂತು ಮಾತಾಡುವ ಆಸೆಯೂ ಇದೆ.

ಯಡವನಾಡು ಮೊಮ್ಮಗಳು

ಖಂಡಿತ ಬನ್ನಿ. ಸೋಮವಾರವೇ ಬನ್ನಿ, ಸಂತೆ ದಿನ.